ಗುಳಿಗೆಗೆ ಕಿಟಕಿ ಇದೆ, ಬೇಳೆಗೆ ಇಲ್ಲ

ಒಬ್ಬರ ಕಫದಲ್ಲಿ ಕ್ಷಯದ ರೋಗಾಣು ಸಿಕ್ಕ ದಿನ ನಮ್ಮ ಸರ್ಕಾರಿ ವ್ಯವಸ್ಥೆ ಚುರುಕಾಗಿ ಓಡುತ್ತದೆ. ವ್ಯಂಗ್ಯಕ್ಕೆ ಹೇಳುತ್ತಿಲ್ಲ. ಅವರ ಹೆಸರು ನಿಕ್ಷಯ್ ಪೋರ್ಟಲ್‌ಗೆ ಏರುತ್ತದೆ. ತೂಕ ನೋಡುತ್ತೇವೆ, ಏಕೆಂದರೆ ಗುಳಿಗೆಯ ಲೆಕ್ಕ ತೂಕದ ಮೇಲೆ: 25ರಿಂದ 34 ಕೆ.ಜಿ. ಇದ್ದರೆ ದಿನಕ್ಕೆ ಎರಡು, 35ರಿಂದ 49 ಇದ್ದರೆ ಮೂರು, 50 ಮುಟ್ಟಿದರೆ ನಾಲ್ಕು. ಆಮೇಲೆ ಆಶಾ ಕಾರ್ಯಕರ್ತೆ ಮನೆಗೆ ಹೋಗುತ್ತಾರೆ. ಕೆಮ್ಮು, ಜ್ವರ ಇದ್ದವರನ್ನು ಪರೀಕ್ಷೆಗೆ ಕಳಿಸುತ್ತಾರೆ. ರೋಗ ಇಲ್ಲ ಎಂದು ಖಚಿತವಾದ ಮನೆಮಂದಿಗೆ, ಮುಂದೆ ಬರದಿರಲೆಂದು ತಡೆಗುಳಿಗೆ ಶುರುವಾಗುತ್ತದೆ. 2021ರಿಂದ ಈಚೆಗೆ ಇದು ಪುಟ್ಟ ಮಕ್ಕಳಿಗಷ್ಟೇ ಅಲ್ಲ, ಮನೆಯಲ್ಲಿರುವ ದೊಡ್ಡವರಿಗೂ ಅನ್ವಯಿಸುತ್ತದೆ. ಎಲ್ಲವೂ ಪುಕ್ಕಟೆ, ಎಲ್ಲವೂ ಮಾರ್ಗಸೂಚಿಯ ಪ್ರಕಾರ.

ಆ ಮನೆಯಲ್ಲಿ ಅಂದು ಒಲೆಯ ಮೇಲೆ ಏನಿತ್ತು ಎಂಬುದನ್ನು ಮಾತ್ರ ಯಾರೂ ಬರೆದುಕೊಳ್ಳುವುದಿಲ್ಲ.

ರಾಯಚೂರು ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಎದೆರೋಗದ ಹೊರರೋಗಿ ವಿಭಾಗ ನೋಡಿಕೊಳ್ಳುವ ವೈದ್ಯೆ ನಾನು. ಚಿಕಿತ್ಸೆ ಶುರುವಾಗಿ ಎರಡು ಮೂರು ವಾರವಾದ ಮೇಲೆ ಬರುವ ದೂರು ನನಗೆ ಬಾಯಿಪಾಠ. ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಿದ್ದ ಒಬ್ಬ ತಾಯಿ ಮೊನ್ನೆ ಹೇಳಿದ್ದೂ ಅದನ್ನೇ: ‘ಗುಳಗಿ ನುಂಗಾಕ ಹತ್ತಿದ ಮ್ಯಾಲ ಹಸಿವು ಭಾಳ ಆಗಾಕತ್ಯಾದ್ರಿ ಮೇಡಂ, ತಡಕೊಳ್ಳಾಕ ಆಗವಲ್ದು. ಗುಳಗಿ ಕಮ್ಮಿ ಮಾಡ್ರಿ.’ ವೈದ್ಯರಿಗೆ ಇದು ಸಂತೋಷದ ಸುದ್ದಿ. ಜ್ವರ ಇಳಿದಿದೆ, ದೇಹ ಕಳೆದುಕೊಂಡ ಮಾಂಸವನ್ನು ವಾಪಸು ಕೇಳುತ್ತಿದೆ. ಅವರಿಗೆ ಇದು ಪೀಡೆ. ಬೆಳಿಗ್ಗೆ ಒಂದು ರೊಟ್ಟಿ, ಪುಂಡಿಪಲ್ಯ. ರಾತ್ರಿ ಅನ್ನ, ನೀರಿನಂಥ ಸಾರು. ಮಕ್ಕಳು, ಗಂಡ, ಅತ್ತೆ ಉಂಡ ಮೇಲೆ ಉಳಿದದ್ದು ಅವರ ಪಾಲು. ಇದ್ದ ಹಸಿವನ್ನೇ ತಣಿಸಲಾಗದ ಮನೆಗೆ ನಾವು ಇನ್ನಷ್ಟು ಹಸಿವನ್ನು ಬರೆದುಕೊಡುತ್ತೇವೆ. ಗುಳಿಗೆ ಬಿಟ್ಟು ಓಡಿದವರ ಪಟ್ಟಿ ಹಿಡಿದು ಮನೆಗೆ ಹೋದಾಗ ವಾಂತಿ, ಹೊಟ್ಟೆತೊಳಸು, ಗುಳೆ ಹೋಗಿದ್ದು ಎಂಬ ಕಾರಣಗಳ ನಡುವೆ ಈ ಹಸಿವೂ ಇರುತ್ತದೆ. ಯಾರೂ ಅದನ್ನು ಮೊದಲು ಹೇಳುವುದಿಲ್ಲ.

ಆಹಾರದ ಮಾತು ಮಾರ್ಗಸೂಚಿಯಲ್ಲಿ ಇಲ್ಲ ಎಂದಲ್ಲ. ಪ್ರತಿ ರೋಗಿಯ ಪೌಷ್ಟಿಕ ಸ್ಥಿತಿ ಅಳೆಯಿರಿ, ತೂಕ ಏರುತ್ತಿದೆಯೇ ನೋಡಿ, ಸೊರಗಿದವರಿಗೆ ಆಹಾರದ ನೆರವು ಕೊಡಿ ಎಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ಪ್ರತ್ಯೇಕ ಕೈಪಿಡಿ ತಂದಿದೆ. ಆಗ ವೈದ್ಯರಲ್ಲಿ ಒಂದು ಅನುಮಾನವಿತ್ತು: ಊಟ ಕೊಟ್ಟರೆ ಒಳ್ಳೆಯದು ಸರಿ, ಆದರೆ ಅದು ರೋಗ ತಡೆಯುತ್ತದೆ ಎನ್ನಲು ಪುರಾವೆ ಎಲ್ಲಿ?

ಪುರಾವೆ 2023ರ ಆಗಸ್ಟ್‌ನಲ್ಲಿ ಬಂತು. ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ‘ರೇಷನ್ಸ್’ ಎಂಬ ಆ ಪ್ರಯೋಗದ ಮುಂದಾಳುಗಳು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. ಪ್ರಯೋಗ ನಡೆದದ್ದು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ, 2019ರಿಂದ 2022ರವರೆಗೆ, ನಡುವೆ ಕೊರೊನಾ ಲಾಕ್‌ಡೌನ್‌ಗಳನ್ನೂ ದಾಟಿಕೊಂಡು. ಸುಮಾರು 2,800 ರೋಗಿಗಳು, ಅವರ ಮನೆಗಳ 10,345 ಮಂದಿ. ರೋಗಿಗಳಿಗೆಲ್ಲ ಆಹಾರದ ಚೀಲ ಸಿಕ್ಕಿತು. ಮನೆಮಂದಿಯಲ್ಲಿ ಒಂದು ಗುಂಪಿಗೆ ಮಾತ್ರ, ಅವರಿಗೆ ಬರುವ ಪಡಿತರದ ಮೇಲೆ, ಆರು ತಿಂಗಳ ಕಾಲ ದೊಡ್ಡವರಿಗೆ ತಲೆಗೆ ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ, ಮಕ್ಕಳಿಗೆ ಅದರ ಅರ್ಧ, ಜೊತೆಗೆ ವಿಟಮಿನ್ ಗುಳಿಗೆ. ಅಷ್ಟೇ. ಹಾಲಿಲ್ಲ, ಮೊಟ್ಟೆಯಿಲ್ಲ, ಮಾಂಸವಿಲ್ಲ. ಫಲಿತಾಂಶ: ಅಕ್ಕಿ ಬೇಳೆ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ಹತ್ತುವುದು ಶೇ 39ರಷ್ಟು ಕಡಿಮೆಯಾಯಿತು. ಪ್ರಯೋಗಾಲಯದಲ್ಲಿ ಖಚಿತಪಟ್ಟ ಶ್ವಾಸಕೋಶದ ಕ್ಷಯವನ್ನಷ್ಟೇ ಲೆಕ್ಕ ಹಿಡಿದರೆ ಶೇ 48ರಷ್ಟು.

ಈ ಅಂಕಿಯ ತೂಕ ಗೊತ್ತಾಗಬೇಕಾದರೆ ಇನ್ನೊಂದನ್ನು ಪಕ್ಕದಲ್ಲಿಡಬೇಕು. ಕ್ಷಯಕ್ಕೆ ಹೊಸ ಲಸಿಕೆ ಎಂದು ಜಗತ್ತು ಕಾದು ಕುಳಿತಿರುವ ‘ಎಂ72’, ಎರಡನೇ ಹಂತದ ಪ್ರಯೋಗದಲ್ಲಿ ತೋರಿಸಿದ ಪರಿಣಾಮ ಸುಮಾರು ಶೇ 50. ಅದರ ಮೂರನೇ ಹಂತ 2024ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಶುರುವಾಯಿತು. ಗೇಟ್ಸ್ ಪ್ರತಿಷ್ಠಾನ ಮತ್ತು ವೆಲ್ಕಮ್ ಸೇರಿ ಅದಕ್ಕೆ 55 ಕೋಟಿ ಡಾಲರ್ ತೆಗೆದಿಟ್ಟಿವೆ. ಲಸಿಕೆ ಬೇಡ ಎನ್ನುವವಳಲ್ಲ ನಾನು. ಎರಡೂ ಪ್ರಯೋಗಗಳ ಜನ ಬೇರೆ, ಅವಧಿ ಬೇರೆ, ಸರಿಸಮ ಹೋಲಿಸುವುದೂ ತಪ್ಪು. ಆದರೂ ಅಕ್ಕಿ ಬೇಳೆಯ ಬದಲು ಒಂದು ಕಂಪನಿಯ ಸೂಜಿ ಇದೇ ಶೇ 48ನ್ನು ತೋರಿಸಿದ್ದರೆ ಇಷ್ಟು ಹೊತ್ತಿಗೆ ನಮ್ಮ ಶೀತಲ ಪೆಟ್ಟಿಗೆಯಲ್ಲಿ ಅದು ಇರುತ್ತಿತ್ತು, ನಮಗೆಲ್ಲ ಒಂದು ದಿನದ ತರಬೇತಿ ಊಟ ಸಮೇತ ಮುಗಿದಿರುತ್ತಿತ್ತು.

‘ರೇಷನ್ಸ್’ ತಂಡ ರೋಗಿಗಳ ತೂಕವನ್ನೂ ಹಿಂಬಾಲಿಸಿತು. ಐವರಲ್ಲಿ ನಾಲ್ವರು ಸೊರಗಿದವರು. ಎರಡು ತಿಂಗಳೊಳಗೆ ತೂಕ ಶೇ 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ 61ರಷ್ಟು ಕಡಿಮೆ. ಚೇತರಿಸಿಕೊಳ್ಳುವವರಿಗೇ ತೂಕ ಬೇಗ ಏರುತ್ತದೆ, ಹಾಗಾಗಿ ಎಲ್ಲ ಪುಣ್ಯವನ್ನೂ ಆಹಾರದ ಖಾತೆಗೆ ಹಾಕಲಾಗದು. ಒಪ್ಪುತ್ತೇನೆ. ಆದರೆ ಹೊರರೋಗಿ ವಿಭಾಗದಲ್ಲಿ ಕುಳಿತವಳಿಗೆ ಇದಕ್ಕಿಂತ ಅಗ್ಗದ ಮುನ್ಸೂಚನೆ ಬೇರಿಲ್ಲ. 42 ಕೆ.ಜಿ. ಇದ್ದವರು ಎರಡು ತಿಂಗಳಲ್ಲಿ 44 ದಾಟದಿದ್ದರೆ ಕಿವಿ ನೆಟ್ಟಗಾಗಬೇಕು. 42 ಎಂಬುದು ನಾನು ಸುಮ್ಮನೆ ಹೇಳಿದ್ದಲ್ಲ. ಅನುರಾಗ್ ಭಾರ್ಗವ ಅವರು ಹಿಂದೆ ಛತ್ತೀಸ್‌ಗಢದ ಗನಿಯಾರಿಯ ಗ್ರಾಮೀಣ ಆಸ್ಪತ್ರೆಯ ರೋಗಿಗಳ ದಾಖಲೆ ತೆರೆದು ನೋಡಿದಾಗ ಕಂಡ ಮಧ್ಯದ ತೂಕ ಅದು: ಗಂಡಸರದು 42.1 ಕೆ.ಜಿ., ಹೆಂಗಸರದು 34.1. ಹೆಂಗಸರ ಆ ತೂಕಕ್ಕೆ ದಿನಕ್ಕೆ ಎರಡೇ ಗುಳಿಗೆ.

ಹಾಗಿದ್ದರೆ ವೈದ್ಯರಿಗೇಕೆ ಊಟದ ಮಾತು ಹತ್ತುವುದಿಲ್ಲ? ಇದರ ಬೇರು 1950ರ ದಶಕದ ಮದ್ರಾಸಿನಲ್ಲಿದೆ. ಅದಕ್ಕೆ ಮೊದಲು ಕ್ಷಯಕ್ಕೆ ಚಿಕಿತ್ಸೆ ಎಂದರೆ ಗಾಳಿ, ವಿಶ್ರಾಂತಿ, ಹಾಲು, ಮೊಟ್ಟೆ. ನಾಲ್ವಡಿಯವರ ಸಹೋದರಿ ಕೃಷ್ಣಾಜಮ್ಮಣ್ಣಿ ಕ್ಷಯಕ್ಕೆ ಬಲಿಯಾದ ಮೇಲೆ ಅವರ ಹೆಸರಿನಲ್ಲಿ ಮೈಸೂರಿನಲ್ಲಿ ಎದ್ದ ಸ್ಯಾನಟೋರಿಯಂ ಆ ಕಾಲದ್ದು. ಹೊಸ ಔಷಧಿ ಬಂದ ಮೇಲೆ ಮದ್ರಾಸಿನ ಕ್ಷಯ ಚಿಕಿತ್ಸಾ ಕೇಂದ್ರ ಒಂದು ದಿಟ್ಟ ಪ್ರಶ್ನೆ ಕೇಳಿತು: ಸ್ಯಾನಟೋರಿಯಂನಲ್ಲಿ ಚೆನ್ನಾಗಿ ಉಂಡು ಮಲಗಿದವರಿಗೂ, ಕೊಳೆಗೇರಿಯ ಮನೆಯಲ್ಲೇ ಅರೆಹೊಟ್ಟೆಯಲ್ಲಿದ್ದು ಗುಳಿಗೆ ನುಂಗಿದವರಿಗೂ ವ್ಯತ್ಯಾಸವಿದೆಯೇ? ಹೆಚ್ಚೇನೂ ಇಲ್ಲ ಎಂಬ ಉತ್ತರ 1959ರಲ್ಲಿ ಸಿಕ್ಕಿತು. ಜಗತ್ತಿನ ಸ್ಯಾನಟೋರಿಯಂಗಳು ಬಾಗಿಲು ಹಾಕಿದ್ದು, ಬಡವರು ಮನೆಯಲ್ಲೇ ಗುಣವಾಗುವಂತಾದದ್ದು ಆ ಅಧ್ಯಯನದಿಂದ. ಅದೊಂದು ದೊಡ್ಡ ಉಪಕಾರ. ಆದರೆ ಪಾಠ ಕೈಯಿಂದ ಕೈಗೆ ದಾಟುವಾಗ ‘ಹಾಸಿಗೆ ಬೇಡ’ ಎಂಬುದರ ಜೊತೆ ‘ಊಟವೂ ಬೇಡ’ ಎಂಬುದು ಸೇರಿಕೊಂಡಿತು. ಕಫದಿಂದ ರೋಗಾಣು ಹೋಯಿತೇ ಎಂದು ಕೇಳಿದ ಪ್ರಯೋಗ ಅದು. ರೋಗಿ ಮತ್ತೆ ಚೀಲ ಹೊತ್ತು ಹಮಾಲಿ ಮಾಡುವಷ್ಟು ಗಟ್ಟಿಯಾದನೇ ಎಂಬುದು ಅದರ ಪ್ರಶ್ನೆಯೇ ಆಗಿರಲಿಲ್ಲ.

ನಮ್ಮ ಕಡೆಯದೇ ಒಂದು ಅಧ್ಯಯನ ಇದಕ್ಕಿಂತ ಹೆಚ್ಚು ಚುಚ್ಚುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯವಿದ್ದವರನ್ನು ಹುಡುಕಿ ಮಾತನಾಡಿಸಿ 1963ರಲ್ಲಿ ಬರೆದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬ ನಂಬಿಕೆಯನ್ನು ಅದು ತಲೆಕೆಳಗು ಮಾಡಿತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ವೈದ್ಯರ ಬಳಿ ಹೋಗಿ ಬಂದಿದ್ದರು, ಕೈಯಲ್ಲಿ ಒಂದು ಬಾಟಲಿ ಕೆಮ್ಮಿನ ಔಷಧಿ ಹಿಡಿದುಕೊಂಡು. ಈಗ ಆ ಬಾಟಲಿಯ ಜಾಗದಲ್ಲಿ ಪ್ರೋಟೀನ್ ಪುಡಿಯ ಡಬ್ಬಿ ಇದೆ. ‘ಸೊರಗಿದ್ದಾರೆ, ಶಕ್ತಿಗೆ ಏನಾದರೂ ಬರೆಯಿರಿ’ ಎಂದು ಮನೆಯವರು ಕೇಳುತ್ತಾರೆ, ಖಾಸಗಿ ಚೀಟಿಯಲ್ಲಿ ಚಾಕೊಲೇಟ್ ರುಚಿಯ ಪುಡಿ, ಕೆಂಪು ಟಾನಿಕ್ ಬೀಳುತ್ತವೆ. ನಾಲ್ಕು ದಿನದ ಕೂಲಿ ಮೆಡಿಕಲ್ ಸ್ಟೋರ್ಸ್‌ಗೆ ಹೋಗುತ್ತದೆ. ಅದೇ ದುಡ್ಡಿಗೆ ಶೇಂಗಾ, ಹುರಿಗಡಲೆ, ಮೊಟ್ಟೆ ಎಷ್ಟು ಬರುತ್ತಿತ್ತು ಎಂದು ಲೆಕ್ಕ ಹಾಕಿ ತೋರಿಸಿದರೆ ಕೆಲವರು ನಂಬುತ್ತಾರೆ. ಕೆಲವರಿಗೆ, ಡಬ್ಬಿ ಬರೆಯದವಳು ಎಂಥ ಡಾಕ್ಟರ್ ಅನಿಸುತ್ತದೆ.

ಸರ್ಕಾರ ಸುಮ್ಮನೆ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ರೋಗಿಯ ಖಾತೆಗೆ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಸೊರಗಿದವರಿಗೆ ಮೊದಲ ಎರಡು ತಿಂಗಳು ಶಕ್ತಿಯುತ ಪೂರಕ ಆಹಾರ ಕೊಡುವುದಾಗಿಯೂ ಆಗಲೇ ಘೋಷಣೆಯಾಯಿತು. ಆ 1,000 ಎಂದರೆ ದಿನಕ್ಕೆ 33 ರೂಪಾಯಿ. ಕೊಟ್ಟಿದ್ದು ಒಳ್ಳೆಯದೇ. ಆದರೆ ದುಡ್ಡು ಖಾತೆಗೆ ಬೀಳುವುದಕ್ಕೂ ತಟ್ಟೆಗೆ ಬೀಳುವುದಕ್ಕೂ ನಡುವೆ ಬಹಳ ದಾರಿ ಇದೆ. ಆಧಾರ್ ಜೋಡಣೆ ಆಗಿಲ್ಲ, ಖಾತೆ ನಿಷ್ಕ್ರಿಯವಾಗಿದೆ, ಎಟಿಎಂ ಕಾರ್ಡ್ ಗಂಡನ ಜೇಬಿನಲ್ಲಿದೆ, ಸಂಘದ ಸಾಲದ ಕಂತು ಬಾಕಿ ಇದೆ. ಇಷ್ಟೆಲ್ಲ ದಾಟಿ ಬೇಳೆಯೇ ಬಂತು ಅನ್ನಿ, ಐದು ಜನರ ಮನೆಯಲ್ಲಿ ರೋಗಿಗೆಂದು ಬೇರೆ ಗಡಿಗೆ ಇಡುತ್ತಾರೆಯೇ? ಇಡಬಾರದು ಕೂಡ. ಮಗುವಿನ ಎದುರು ಒಬ್ಬಳೇ ಮೊಟ್ಟೆ ತಿನ್ನುವ ತಾಯಿಯನ್ನು ನಾನು ನೋಡಿಲ್ಲ. ಜಾರ್ಖಂಡ್‌ನ ಪ್ರಯೋಗದ ಜಾಣತನ ಇರುವುದು ಇಲ್ಲೇ. ಮನೆಮಂದಿಗೂ ಕೊಟ್ಟರೆ ಮಾತ್ರ ರೋಗಿಯ ಪಾಲು ರೋಗಿಗೆ ಉಳಿಯುತ್ತದೆ, ಜೊತೆಗೆ ಮನೆಮಂದಿಗೂ ರೋಗ ತಪ್ಪುತ್ತದೆ.

ಮನೆಮಂದಿಯ ಆಹಾರ ಸದ್ಯಕ್ಕೆ ಯಾರ ಹೊಣೆ? ನಿಕ್ಷಯ್ ಮಿತ್ರರದು. 2022ರ ಸೆಪ್ಟೆಂಬರ್‌ನಲ್ಲಿ ಶುರುವಾದ ಈ ಯೋಜನೆಯಲ್ಲಿ ದಾನಿಗಳು ರೋಗಿಗಳನ್ನು ದತ್ತು ಪಡೆದು ಆಹಾರದ ಕಿಟ್ ಕೊಡುತ್ತಾರೆ. 2024ರಲ್ಲಿ ಅದನ್ನು ಮನೆಮಂದಿಗೂ ವಿಸ್ತರಿಸಿದರು. ಕೊಡುವವರ ಮನಸ್ಸು ದೊಡ್ಡದು, ಕೈ ಮುಗಿಯುತ್ತೇನೆ. ಆದರೆ ದಾನಿಗಳು ಇರುವ ಕಡೆ ರೋಗಿಗಳು ಕಡಿಮೆ, ರೋಗಿಗಳು ಇರುವ ಕಡೆ ದಾನಿಗಳು ಕಡಿಮೆ. ಒಂದು ತಿಂಗಳು ಕಿಟ್ ಬಂದು ಮರುತಿಂಗಳು ಬರದಿದ್ದರೆ ಕೇಳುವಂತಿಲ್ಲ, ಅದು ದಾನ. ಕ್ಷಯದ ರಿಫಾಂಪಿಸಿನ್ ಗುಳಿಗೆಯನ್ನು ದಾನಿಗಳಿಗೆ ಬಿಡಲು ಯಾವ ಸರ್ಕಾರವೂ ಒಪ್ಪುವುದಿಲ್ಲ.

ನಾನು ಕೇಳುವುದು ಇಷ್ಟೇ: ಮನೆಮಂದಿಯ ಅಕ್ಕಿ ಬೇಳೆಯನ್ನು ಗುಳಿಗೆಯಂತೆಯೇ ಕಾರ್ಯಕ್ರಮದ ಔಷಧಿ ಎಂದು ಪರಿಗಣಿಸಿ. ಗುಳಿಗೆಗೆ ಇರುವ ಇಂಡೆಂಟ್, ದಾಸ್ತಾನು ಪುಸ್ತಕ, ‘ಮುಗಿದಿದೆ’ ಎಂದಾಗ ಮೇಲಿನವರು ಬೈಯುವ ವ್ಯವಸ್ಥೆ, ಎಲ್ಲವೂ ಅದಕ್ಕೂ ಇರಲಿ.

ದುಬಾರಿ ಎನ್ನುತ್ತಾರೆ. ಲೆಕ್ಕ ಹಾಕೋಣ. ‘ರೇಷನ್ಸ್’ ಅಧ್ಯಯನದ ಪ್ರಕಾರ ಒಬ್ಬರಿಗೆ ರೋಗ ತಪ್ಪಿಸಲು 30 ಮನೆಗಳ 111 ಮಂದಿಗೆ ಆಹಾರ ಕೊಡಬೇಕು. ಎಲ್ಲರಿಗೂ ಪೂರ್ತಿ ಪಾಲು ಎಂದು ಹಿಡಿದರೂ ಆರು ತಿಂಗಳಿಗೆ ಸುಮಾರು ಮೂರೂಕಾಲು ಟನ್ ಅಕ್ಕಿ, ಒಂದು ಟನ್ ಬೇಳೆ. ಒಬ್ಬರ ರೋಗ ತಪ್ಪಿಸಲು ಇಷ್ಟು ಎಂದರೆ ಜಾಸ್ತಿ ಅನಿಸುತ್ತದೆ, ನಿಜ. ಆದರೆ ತಡೆಗುಳಿಗೆಯನ್ನೂ ನಾವು ಹತ್ತಾರು ಜನರಿಗೆ ಕೊಟ್ಟೇ ಒಬ್ಬರನ್ನು ಉಳಿಸುವುದು, ಉಳಿದವರ ಹೊಟ್ಟೆಯಲ್ಲಿ ಆ ಗುಳಿಗೆ ವ್ಯರ್ಥ. ಬೇಳೆ ಹಾಗಲ್ಲ. ಉಳಿದ 110 ಮಂದಿಯೂ ಅದನ್ನು ಉಂಡಿರುತ್ತಾರೆ.

ಯಾರು ಹೆಚ್ಚು ಅಪಾಯದಲ್ಲಿದ್ದಾರೆ ಎಂಬುದನ್ನು ತೂಕದ ಯಂತ್ರವನ್ನು ನೆಚ್ಚಿಕೊಂಡೇ ಗುರುತಿಸಬಹುದು, ಉದಾಹರಣೆಗೆ ದೂರ ಹೋಗಬೇಕಿಲ್ಲ. ತಮಿಳುನಾಡು 2022ರಿಂದ ಪ್ರತಿ ವಯಸ್ಕ ರೋಗಿಯಲ್ಲಿ ಐದು ಸಂಗತಿ ನೋಡುತ್ತದೆ: ಎತ್ತರಕ್ಕೆ ತಕ್ಕ ತೂಕ, ಕಾಲಿನ ಬಾವು, ಉಸಿರಿನ ವೇಗ, ರಕ್ತದ ಆಮ್ಲಜನಕ, ಆಸರೆಯಿಲ್ಲದೆ ನಿಲ್ಲಬಲ್ಲರೇ ಎಂಬುದು. ತೀರಾ ಸೊರಗಿದವರನ್ನು ಆಸ್ಪತ್ರೆಗೆ ಸೇರಿಸಿಕೊಂಡು ನೋಡುತ್ತಾರೆ. ಇದಕ್ಕೆ ಬೇಕಾದದ್ದು ಒಂದು ಹಾಳೆ ಕಾಗದ, ಒಂದು ತೂಕದ ಯಂತ್ರ, ಎತ್ತರದ ಪಟ್ಟಿ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್.

ಅಕ್ಕಿ ಬೇಳೆ ಹಂಚುವುದು ಕರ್ನಾಟಕಕ್ಕೆ ಹೊಸದಲ್ಲ. ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಬಡಿಸಿದ ರಾಜ್ಯ ಇದು. ಅನ್ನಭಾಗ್ಯದ ಹೆಚ್ಚುವರಿ ಅಕ್ಕಿಯ ಬದಲು ತೊಗರಿ ಬೇಳೆ, ಎಣ್ಣೆ ಇರುವ ಕಿಟ್ ಕೊಡಲು ಸಂಪುಟ 2025ರಲ್ಲಿ ತೀರ್ಮಾನಿಸಿದೆ. ಆ ದಾರಿಯಲ್ಲೇ ಕ್ಷಯವಿರುವ ಮನೆಗೆ ಆರು ತಿಂಗಳು ಇನ್ನೊಂದು ಪಾಲು ಸೇರಿಸಬಹುದು. ತೊಗರಿ ಬೆಳೆಯುವ ಕಲಬುರಗಿ ನಮ್ಮ ನೆರೆಯಲ್ಲೇ ಇದೆ. ಈ ಸೀಮೆಯಲ್ಲೇ ಬೇಳೆಯಿಲ್ಲದೆ ರೋಗ ಬರುವುದು ನನಗಂತೂ ಸಹಿಸಲಾಗದ ಮಾತು.

ಒಂದು ಎಚ್ಚರಿಕೆ ಮಾತ್ರ. ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಒಬ್ಬರಿಗೆ ಹೆಚ್ಚುವರಿ ಚೀಲ ಬಂತೆಂದರೆ ಊರಿಗೆಲ್ಲ ಕಾರಣ ಗೊತ್ತಾಗುತ್ತದೆ. ಟಿಬಿ ಎಂದು ತಿಳಿದರೆ ಗಂಡನ ಮನೆಯಿಂದ ಹೊರಬೀಳುವ ಭಯದಲ್ಲಿ, ಗುಳಿಗೆಯನ್ನು ತವರಿನಲ್ಲಿಟ್ಟು ನುಂಗುವ ಹೆಣ್ಣುಮಕ್ಕಳು ನನ್ನ ಪಟ್ಟಿಯಲ್ಲಿದ್ದಾರೆ. ಅಂಥವರಿಗೆ ತಿಂಗಳ ಗುಳಿಗೆ ಒಯ್ಯಲು ಬಂದಾಗ ಆಸ್ಪತ್ರೆಯ ಕಿಟಕಿಯಲ್ಲೇ ಚೀಲ ಸಿಗಬೇಕು. ಅಂದೇ ತೂಕ ನೋಡಿ ಕಾರ್ಡಿನಲ್ಲಿ ಬರೆಯಬಹುದು. ಎಲ್ಲಿ ತೆಗೆದುಕೊಳ್ಳಬೇಕು ಎಂಬ ಆಯ್ಕೆ ಅವರದೇ ಆಗಿರಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಹೊಸ ಸಂಶೋಧನೆಯೂ ಬೇಕಿಲ್ಲ. ಆರೋಗ್ಯ ಇಲಾಖೆ ಮತ್ತು ಆಹಾರ ಇಲಾಖೆ ಒಂದೇ ಆದೇಶಕ್ಕೆ ಸಹಿ ಹಾಕಬೇಕು, ನಮ್ಮ ಔಷಧಿ ಉಗ್ರಾಣದ ಪಕ್ಕದಲ್ಲಿ ಇಲಿ ಹೋಗದ ಒಂದು ಕೋಣೆ ಬೇಕು.