ಬಸ್ಸಿಗಾಗಿ ಒಂದು ಗಂಟೆ

"ಸಾರ್, ಯೂರಿಯಾ ಅಂದ್ರೆ ಹೊಲಕ್ಕೆ ಹಾಕೋ ಗೊಬ್ಬರ ಅಲ್ವಾ? ನಮ್ಮ ತಾತನ ರಕ್ತದಲ್ಲಿ ಜಾಸ್ತಿಯಾಗಿದೆ ಅಂತಾರೆ. ಅಲ್ಲಿಗೆ ಹೇಗೆ ಹೋಯ್ತು?"

ಗುಬ್ಬಿ ಕಡೆಯ ಹುಡುಗನೊಬ್ಬ ಹೀಗೆ ಕೇಳಿದಾಗ ತರಗತಿಯೆಲ್ಲ ನಕ್ಕಿತು. ನಗುವಂಥದ್ದೇನೂ ಇರಲಿಲ್ಲ. ಗೊಬ್ಬರದ ಚೀಲದಲ್ಲಿರುವುದೂ ರಕ್ತದಲ್ಲಿರುವುದೂ ಒಂದೇ ಅಣು. 1828ರಲ್ಲಿ ವೋಲರ್ ಪ್ರಯೋಗಶಾಲೆಯಲ್ಲಿ ತಯಾರಿಸಿದ್ದೂ ಅದನ್ನೇ. ನಾವು ತಿಂದ ಬೇಳೆ, ಮೊಟ್ಟೆಗಳ ಪ್ರೋಟೀನು ಒಡೆದಾಗ ಅಮೋನಿಯ ಹುಟ್ಟುತ್ತದೆ. ಯಕೃತ್ತು ಅದನ್ನು ಯೂರಿಯಾ ಮಾಡುತ್ತದೆ, ಮೂತ್ರಪಿಂಡ ಹೊರಹಾಕುತ್ತದೆ. ಮೂತ್ರಪಿಂಡ ಸೋತರೆ ಅದು ರಕ್ತದಲ್ಲೇ ಉಳಿಯುತ್ತದೆ.

ತಾತನಿಗೆ ವಾರಕ್ಕೆರಡು ಸಲ ತುಮಕೂರಿನಲ್ಲಿ ಡಯಾಲಿಸಿಸ್. ಹುಡುಗನ ತಂದೆಯ ಪ್ರಶ್ನೆ ಬೇರೆ. "ಮೇಷ್ಟ್ರೇ, ನಾಲ್ಕು ಗಂಟೆ ಬದಲು ಮೂರಕ್ಕೇ ಬಿಡಿಸ್ಕೊಂಡ್ರೆ ಬಸ್ಸು ಸಿಗುತ್ತೆ. ಏನಾಗುತ್ತೆ?" ಕುಣಿಗಲ್ ಕಡೆಯಿಂದ ಬರುವವರ ಬಾಯಲ್ಲೂ ಈ ಮಾತನ್ನು ಕೇಳಿದ್ದೇನೆ.

ಯಂತ್ರದಲ್ಲಿ ರಕ್ತ ಶುದ್ಧವಾಗುವುದು ಒಂದು ಕೊಳವೆಯಲ್ಲಿ. ಅದರೊಳಗೆ ಕೂದಲಿನಷ್ಟು ಸಣ್ಣ ಸಾವಿರಾರು ಟೊಳ್ಳು ಎಳೆಗಳು. ಎಳೆಯೊಳಗೆ ರಕ್ತ, ಹೊರಗೆ ಲವಣದ್ರಾವಣ. ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಕಲ್ಮಶ ಸಾಗುತ್ತದೆ, ನೀವು ಓದಿದ ವಿಸರಣೆಯೇ ಇದು. ನಿಮಿಷಕ್ಕೆ ಅರ್ಧ ಲೀಟರಿನಂತೆ ನಾಲ್ಕು ಗಂಟೆಗೆ 120 ಲೀಟರ್ ದ್ರಾವಣ ಹರಿಯುತ್ತದೆ. 1943ರಲ್ಲಿ ಯುದ್ಧಕಾಲದ ಹಾಲೆಂಡಿನಲ್ಲಿ ಕೋಲ್ಫ್ ಎಂಬ ವೈದ್ಯರು ಇದನ್ನು ಮಾಡಿದ್ದು ಮಾಂಸದ ತಿಂಡಿಗೆ ಸುತ್ತುವ ಸೆಲ್ಲೋಫೇನ್ ಕೊಳವೆಯಿಂದ!

ಯೂರಿಯಾದ ಅಣುತೂಕ 60. ಅದು ಸಲೀಸಾಗಿ ದಾಟುತ್ತದೆ. ಆದರೆ ವಿಷ ಅದೊಂದೇ ಅಲ್ಲ. ಅಸಲಿಗೆ ಅದು ದೊಡ್ಡ ಖಳನೂ ಅಲ್ಲ, ಅಳೆಯಲು ಸುಲಭವೆಂದು ಅದನ್ನು ಅಳೆಯುತ್ತಾರೆ. ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಎಂಬ ಪ್ರೋಟೀನಿನ ಅಣುತೂಕ ಸುಮಾರು 11,800. ಅದು ನಿಧಾನವಾಗಿ ಹೋಗುತ್ತದೆ. ಉಳಿದದ್ದು ವರ್ಷಗಳಲ್ಲಿ ಕೀಲುಗಳಲ್ಲಿ ಸೇರಿ ನೋವು, ಕೈ ಜೋಮು ತರುತ್ತದೆ. ಇಂಡಾಕ್ಸಿಲ್ ಸಲ್ಫೇಟ್ ಇನ್ನೂ ಜಿಗುಟು. ಅದು ರಕ್ತದ ಆಲ್ಬುಮಿನ್ ಬೆನ್ನಿಗೆ ಅಂಟಿಕೊಂಡಿರುತ್ತದೆ. ಆಲ್ಬುಮಿನ್ ನಮಗೆ ಬೇಕಾದದ್ದು, ಪೊರೆ ಅದನ್ನು ಬಿಡುವುದಿಲ್ಲ, ಅಂಟಿದ್ದೂ ಬಹುಪಾಲು ಉಳಿಯುತ್ತದೆ. ರಂಜಕವೋ ಹೆಚ್ಚಾಗಿ ಮೂಳೆ, ಜೀವಕೋಶಗಳಲ್ಲಿ ಅಡಗಿರುತ್ತದೆ. ಅಲ್ಲಿಂದ ರಕ್ತಕ್ಕೆ ನಿಧಾನವಾಗಿ ಇಳಿದು ಬರುವವರೆಗೆ ಯಂತ್ರ ಕಾಯಲೇಬೇಕು.

ಹಾಗಾಗಿ ಯೂರಿಯಾ ಇಳಿದಿದೆಯೆಂಬ ವರದಿ ನೋಡಿ ಕೊನೆಯ ಗಂಟೆ ಬಿಡುವುದು ತಪ್ಪು ಲೆಕ್ಕ. ಜೊತೆಗೆ, ಮೈಯಲ್ಲಿ ಸೇರಿದ ನೀರನ್ನೆಲ್ಲ ಮೂರೇ ಗಂಟೆಯಲ್ಲಿ ತೆಗೆಯಹೋದರೆ ರಕ್ತದೊತ್ತಡ ಕುಸಿದು, ಕಾಲು ಸೆಳೆತ ಬರಬಹುದು. ನಮ್ಮ ಮೂತ್ರಪಿಂಡ ವಾರಕ್ಕೆ 168 ಗಂಟೆ ದುಡಿಯುತ್ತದೆ. ತಾತನ ಯಂತ್ರ ಎಂಟೇ ಗಂಟೆ. ಅದರಲ್ಲೂ ಎರಡು ಗಂಟೆ ಕಳೆದರೆ?

ತಂದೆ ಈಗ ಮುಂದಿನ ಬಸ್ಸಿಗೆ ಹೋಗುತ್ತಾರೆ. ಇನ್ನೊಂದು ತೊಡಕು ಮನೆಯಲ್ಲಿದೆ. ನಮ್ಮದು ತೆಂಗಿನ ಸೀಮೆ, ರೋಗಿಯನ್ನು ನೋಡಲು ಬಂದವರು ಎಳನೀರು ತರುತ್ತಾರೆ. ದೊಡ್ಡದೊಂದು ಎಳನೀರಿನಲ್ಲಿ ಅರ್ಧ ಗ್ರಾಮಿಗೂ ಹೆಚ್ಚು ಪೊಟ್ಯಾಸಿಯಂ ಇರಬಹುದು. ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಅದು ರಕ್ತದಲ್ಲಿ ಏರಿದರೆ ಹೃದಯದ ಬಡಿತವೇ ತಪ್ಪೀತು. "ತಂದವರ ಮನಸ್ಸು ನೋಯಿಸೋದು ಹೇಗೆ?" ಎನ್ನುತ್ತಾರೆ ಅಜ್ಜಿ. ಮೊಮ್ಮಗನೇ ಕುಡಿದುಬಿಡಲಿ ಎಂದಿದ್ದೇನೆ.