ರೆಕ್ಕೆಯ ಕುದುರೆ ಮತ್ತು ಮಕ್ಕಳ ಕಥೆಪುಸ್ತಕ



ಇತ್ತೀಚೆಗೆ ಅಂಕಲಗಿಯ ಒಬ್ಬ ತಾಯಿ ಒಂದು ಪುಸ್ತಕ ಹಿಡಿದುಕೊಂಡು ಶಾಲೆಗೆ ಬಂದರು. ಆರನೆಯ ತರಗತಿಯಲ್ಲಿರುವ ಅವರ ಮಗಳು ಗೆಳತಿಯಿಂದ ತಂದ ಕಾದಂಬರಿ ಅದು. ಮಕ್ಕಳು ಒಂದು ಹಳೆಯ ಬಾಗಿಲು ದಾಟಿದೊಡನೆ ನೂರಾರು ವರ್ಷ ಹಿಂದಕ್ಕೆ ಹೋಗಿಬಿಡುವ ಕಥೆ. “ಸರ, ಇದರಾಗ ಬರೇ ಜಾದೂನ ಐತ್ರಿ. ಇಂಥಾದ್ದು ಓದಿದ್ರ ಹುಡುಗಿ ಈಮಾನ್ ಏನಾಗಬೇಕ್ರಿ?” ಎಂದು ಕೇಳಿದರು. ತಂದೆ ಆ ಪುಸ್ತಕವನ್ನು ಕಸಿದು ಕಪಾಟಿನ ಮೇಲೆ ಇಟ್ಟಿದ್ದರಂತೆ. ಅಂದಿನಿಂದ ಹುಡುಗಿ ಯಾವ ಕಥೆಪುಸ್ತಕವನ್ನೂ ಮುಟ್ಟಿಲ್ಲ. ಸಂಜೆಯಾದರೆ ಅಬ್ಬಾನ ಮೊಬೈಲ್ ಹಿಡಿದು ಕೂರುತ್ತಾಳೆ. ಅದನ್ನು ಮಾತ್ರ ಯಾರೂ ಕಸಿದುಕೊಂಡಿಲ್ಲ.

ಆ ತಾಯಿಯ ಕಾಳಜಿಯನ್ನು ಹಗುರವಾಗಿ ಕಾಣುವಂತಿಲ್ಲ. ಮಾಟವನ್ನು ನಮ್ಮ ಧರ್ಮವು ಘೋರ ಪಾಪಗಳಲ್ಲಿ ಎಣಿಸಿದೆ. ಆದರೆ ಮಾಟ ಬೇರೆ, ಕಲ್ಪನೆ ಬೇರೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ನಷ್ಟವಾಗುವುದು ನಮ್ಮ ಮಕ್ಕಳಿಗೇ.

ಸುನನ್ ಅಬೂದಾವೂದ್‌ನಲ್ಲಿ ಒಂದು ವರದಿಯಿದೆ. ಪ್ರವಾದಿವರ್ಯರು(ಸ) ಯುದ್ಧಯಾತ್ರೆಯಿಂದ ಮರಳಿದಾಗ ಗಾಳಿಗೆ ಪರದೆ ಸರಿದು ಹ. ಆಇಶಾರ(ರ) ಬೊಂಬೆಗಳು ಕಾಣಿಸುತ್ತವೆ. ಅವುಗಳ ನಡುವೆ ಬಟ್ಟೆಯ ರೆಕ್ಕೆಗಳಿರುವ ಒಂದು ಕುದುರೆ. ಕುದುರೆಗೆ ರೆಕ್ಕೆಯೇ ಎಂದು ಪ್ರವಾದಿವರ್ಯರು(ಸ) ವಿಚಾರಿಸುತ್ತಾರೆ. ಸುಲೈಮಾನರ(ಅ) ಕುದುರೆಗಳಿಗೆ ರೆಕ್ಕೆಯಿದ್ದುದನ್ನು ತಾವು ಕೇಳಿಲ್ಲವೇ ಎಂದು ಆಇಶಾ(ರ) ಮರುಪ್ರಶ್ನೆ ಹಾಕುತ್ತಾರೆ. ಪ್ರವಾದಿವರ್ಯರು(ಸ) ದವಡೆ ಹಲ್ಲು ಕಾಣುವಷ್ಟು ನಕ್ಕರೆಂದು ಆ ವರದಿ ಹೇಳುತ್ತದೆ. ಅವರು ಕುದುರೆಯನ್ನು ಕಸಿದುಕೊಳ್ಳಲಿಲ್ಲ, ಗದರಿಸಲೂ ಇಲ್ಲ. ಮೊದಲು ಕೇಳಿದರು, ಆಮೇಲೆ ನಕ್ಕರು. ಹೆತ್ತವರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕೇ?

ಇನ್ನು ಕಾಲದ ವಿಷಯ. ಕಾಲವನ್ನು ದಾಟುವ ಸಂಗತಿ ನಮಗೆ ಹೊಸದೇನಲ್ಲ. ಸೂರಃ ಅಲ್‌ಕಹ್‌ಫ್‌ನ ಗುಹಾವಾಸಿ ಯುವಕರು 309 ವರ್ಷ ಕಳೆದು ಎದ್ದು, ಹಳೆಯ ನಾಣ್ಯ ಹಿಡಿದು ಪೇಟೆಗೆ ಹೋಗುವ ವೃತ್ತಾಂತ ಯಾರಿಗೆ ತಿಳಿದಿಲ್ಲ? ಹಾಳೂರಿನ ಬಳಿ 100 ವರ್ಷ ಮೃತನಾಗಿದ್ದು ಎದ್ದವನಿಗೆ ತಾನು ಒಂದು ದಿನವೋ ಅದರ ಒಂದು ಪಾಲೋ ಇದ್ದೆನೆಂದು ತೋರಿದ ಪ್ರಸಂಗ ಸೂರಃ ಅಲ್‌ಬಕರದಲ್ಲಿದೆ. ಇವು ಕಾದಂಬರಿಗಳಲ್ಲ, ನಮ್ಮ ಪಾಲಿಗೆ ಸತ್ಯ. ಆದ್ದರಿಂದ ಕಾದಂಬರಿಯನ್ನು ಇವುಗಳ ಸಾಲಿನಲ್ಲಿ ನಿಲ್ಲಿಸಬಾರದು. ಆದರೆ ಇವನ್ನು ಕೇಳಿ ಬೆಳೆದ ಮಗು ಕಾಲದ ಬಗ್ಗೆ ಬೆರಗುಪಟ್ಟರೆ ಅದರಲ್ಲಿ ಅಸಹಜವೇನಿದೆ?

ಮಕ್ಕಳನ್ನು ಗತಕಾಲಕ್ಕೆ ಕಳುಹಿಸುವ ಕಾದಂಬರಿಗಳಿಗೆ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ. ಇಂಗ್ಲೆಂಡಿನ ಲೇಖಕಿ ಇ. ನೆಸ್‌ಬಿಟ್ 1906ರಲ್ಲೇ ನಾಲ್ವರು ಮಕ್ಕಳನ್ನು ಪ್ರಾಚೀನ ಈಜಿಪ್ಟ್ ಮತ್ತು ಬಾಬಿಲೋನಿಗೆ ಕಳುಹಿಸಿದ್ದರು. 8ರಿಂದ 12 ವರ್ಷದ ಮಕ್ಕಳು ಇಂತಹ ಕಥೆಗಳನ್ನು ಹೆಚ್ಚಾಗಿ ಇಷ್ಟಪಡುತ್ತಾರೆ. ಅಜ್ಜಿಯ ಗುಬ್ಬಚ್ಚಿ ಕಥೆ ಸಾಲದು, ದೊಡ್ಡವರ ಕಾದಂಬರಿ ಅರ್ಥವಾಗದು ಎಂಬ ಪ್ರಾಯವದು. ಆ ಪ್ರಾಯದಲ್ಲಿ ಓದಿನ ರುಚಿ ತಪ್ಪಿದರೆ ಮತ್ತೆ ಹಿಡಿಸುವುದು ಎಷ್ಟು ಕಷ್ಟವೆಂದು ಯಾವ ಶಿಕ್ಷಕರನ್ನು ಬೇಕಾದರೂ ಕೇಳಿ.

ಇಂಥ ಕಥೆಗಳು ಪರದೇಶದ್ದು ಎಂದು ದೂರ ಸರಿಸುವವರೂ ಇದ್ದಾರೆ. ಅವರು ನಮ್ಮ ಘಟಪ್ರಭೆಯ ದಂಡೆಯನ್ನೇ ನೋಡಲಿ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಈ ನೆಲದ ಜನಪದ ಕಥೆಗಳನ್ನೇ ಬಂಡವಾಳ ಮಾಡಿಕೊಂಡು ಬರೆದರು, ಜ್ಞಾನಪೀಠದವರೆಗೂ ಹೋದರು. ಮಕ್ಕಳಿಗಾಗಿ ಅವರು ಬರೆದ ನಾಟಕಗಳಲ್ಲಿ ಒಂದರ ಹೆಸರು ‘ಆಲಿಬಾಬಾ’. ಆಲಿಬಾಬಾನ ಕಥೆ ಅರಬಿಯ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲ. ಸಿರಿಯಾದ ಅಲೆಪ್ಪೊ ನಗರದ ಹನ್ನಾ ದಿಯಾಬ್ ಎಂಬ ಯುವಕ 1709ರಲ್ಲಿ ಪ್ಯಾರಿಸಿನಲ್ಲಿ ಅದನ್ನು ಆಂಟ್ವಾನ್ ಗಾಲಾನ್ ಎಂಬ ಫ್ರೆಂಚ್ ವಿದ್ವಾಂಸನಿಗೆ ಹೇಳಿದ. ಅಲೆಪ್ಪೊದವನ ಬಾಯಿಂದ ಹೊರಟ ಕಥೆ ಘೋಡಗೇರಿಯವರ ಕೈಯಲ್ಲಿ ಕನ್ನಡದ ನಾಟಕವಾಯಿತು. ಒಳ್ಳೆಯ ಕಥೆಗೆ ಊರು, ಜಾತಿಗಳ ಹಂಗಿಲ್ಲ. ಆ ಕಥೆಯಲ್ಲಿ ಮನೆಯನ್ನು ಉಳಿಸುವುದು ಬಂಡೆ ತೆರೆಯುವ ಮಂತ್ರವಲ್ಲ, ಮರ್ಜಾನಾ ಎಂಬ ದಾಸಿಯ ಬುದ್ಧಿ ಎಂಬುದನ್ನೂ ಮರೆಯಬೇಡಿ.

ಕಲ್ಪನೆ ಎಲ್ಲಿಗೆ ಮುಟ್ಟಿಸಬಲ್ಲದು ಎಂಬುದಕ್ಕೆ ರುಕಿಯ್ಯಾ ಸಖಾವತ್ ಹುಸೈನ್ ಸಾಕ್ಷಿ. ಬಂಗಾಳದ ಈ ಮುಸ್ಲಿಮ್ ಮಹಿಳೆ 1905ರಲ್ಲಿ ‘ಸುಲ್ತಾನಾಳ ಕನಸು’ ಎಂಬ ಕಥೆ ಬರೆದರು. ಮದ್ರಾಸಿನ ಒಂದು ಮಹಿಳಾ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಅದರಲ್ಲಿ ಸೂರ್ಯನ ಶಾಖವನ್ನು ಹಿಡಿದು ಬಳಸುತ್ತಾರೆ, ಆಕಾಶದಲ್ಲಿ ಹಾರುವ ವಾಹನವಿದೆ, ವಿಶ್ವವಿದ್ಯಾಲಯಗಳನ್ನು ಮಹಿಳೆಯರೇ ನಡೆಸುತ್ತಾರೆ. ಹೆಣ್ಣುಮಕ್ಕಳಿಗೆ ಅಕ್ಷರವೇ ದುರ್ಲಭವಾಗಿದ್ದ ಕಾಲವದು. ಅವರು ಕನಸು ಕಂಡು ಸುಮ್ಮನಾಗಲಿಲ್ಲ. 1911ರಲ್ಲಿ ಕೋಲ್ಕತಾದಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸತೊಡಗಿದರು. ಇಲ್ಲದ್ದನ್ನು ಊಹಿಸಬಲ್ಲವರು ಮಾತ್ರವೇ ಇಲ್ಲದ್ದನ್ನು ಕಟ್ಟಬಲ್ಲರು.

ಕಾಲಪ್ರಯಾಣದ ಕಥೆಗೆ ಇನ್ನೊಂದು ಪ್ರಯೋಜನವಿದೆ. ಅದು ಇತಿಹಾಸದ ಇಸವಿಗಳಿಗೆ ಜೀವ ಕೊಡುತ್ತದೆ. ನೀವೇ ಮನೆಯಲ್ಲಿ ಪ್ರಯತ್ನಿಸಿ. ಗೋಕಾಕ ಜಲಪಾತ ನೋಡಲು ಹೋದಾಗ ಮಗುವನ್ನು ಕೇಳಿ: “ಈ ತೂಗುಸೇತುವೆ ದಾಟುವಷ್ಟರಲ್ಲಿ 1887ನೇ ಇಸವಿ ಬಂದುಬಿಟ್ಟರೆ?” ಅಲ್ಲಿಯ ಹತ್ತಿಗಿರಣಿ ಕೆಲಸ ಆರಂಭಿಸಿದ ವರ್ಷವದು. ಆಗಿನ ಕಾಯಿದೆಯಂತೆ 7 ವರ್ಷ ತುಂಬಿದ ಮಗುವನ್ನು ಕಾರ್ಖಾನೆಯ ದುಡಿಮೆಗೆ ಹಚ್ಚಬಹುದಿತ್ತು. 1891ರಲ್ಲಿ ಅದನ್ನು 9 ವರ್ಷಕ್ಕೆ ಏರಿಸಲಾಯಿತು. “ನಿನಗೀಗ ಹತ್ತು. ಅಲ್ಲಿ ನಿನ್ನ ಕೈಯಲ್ಲಿ ಪಾಟಿಚೀಲ ಇರುತ್ತಿತ್ತೋ, ನೂಲಿನ ಕಂಡಿಕೆಯೋ?” ಈ ಪ್ರಶ್ನೆಗೆ ಉತ್ತರ ಹುಡುಕುವ ಮಗುವಿಗೆ ಶಾಲೆಯೆಂಬುದು ಎಂಥ ನಿಅ್‌ಮತ್ ಎಂದು ಬೇರೆ ಉಪದೇಶ ಬೇಕಾಗದು.

ಹಾಗಾದರೆ ಎಲ್ಲ ಪುಸ್ತಕಗಳನ್ನೂ ಕಣ್ಣುಮುಚ್ಚಿ ಕೊಡಬೇಕೇ? ಖಂಡಿತ ಬೇಡ. ಮೊದಲು ನೀವು ಓದಿ. ಮೂರು ವಿಷಯ ನೋಡಿ. ಒಂದು, ಪುಸ್ತಕವು ತಾನು ಕಥೆ ಎಂದು ಒಪ್ಪಿಕೊಳ್ಳುತ್ತದೆಯೇ, ಅಥವಾ ಮಾಟ, ಭವಿಷ್ಯಗಳನ್ನು ನಿಜವೆಂದು ನಂಬಿಸಿ ಮಾಡಲು ಕಲಿಸುತ್ತದೆಯೇ? ಸುಳ್ಳು ತನ್ನನ್ನು ಮುಚ್ಚಿಡುತ್ತದೆ, ಕಥೆ ಮೊದಲ ಸಾಲಿನಲ್ಲೇ ತನ್ನ ಹೆಸರು ಹೇಳುತ್ತದೆ. ಎರಡು, ಕಷ್ಟ ಬಂದಾಗ ಅದರ ಮಕ್ಕಳು ಧೈರ್ಯ, ಸತ್ಯ, ಸ್ನೇಹಗಳಿಂದ ಪಾರಾಗುತ್ತಾರೆಯೇ, ಬರೀ ಮಂತ್ರದಿಂದಲೇ? ಮೂರು, ತಪ್ಪಿಗೆ ಅಲ್ಲಿ ಬೆಲೆ ತೆರಬೇಕಾಗುತ್ತದೆಯೇ?

ಇಲ್ಲೊಂದು ಕಹಿ ಮಾತು ಹೇಳಲೇಬೇಕು. ಪುಸ್ತಕದ ಜಾದೂಗೆ ಹೆದರುವ ಎಷ್ಟೋ ಮನೆಗಳಲ್ಲಿ ಮಗುವಿಗೆ ಜ್ವರ ಬಂದರೆ ವೈದ್ಯರಿಗಿಂತ ಮೊದಲು ದಾರ ಮಂತ್ರಿಸುವವನ ಬಳಿ ಓಡುತ್ತಾರೆ. ಈಮಾನಿಗೆ ಅಪಾಯವಿರುವುದು ಕಪಾಟಿನ ಮೇಲಿನ ಕಾದಂಬರಿಯಿಂದಲೋ, ಕೊರಳಿನ ದಾರದಿಂದಲೋ? ನೀವೇ ಆಲೋಚಿಸಿ.

ಕನ್ನಡದಲ್ಲಿ ಈ ಪ್ರಾಯದ ಮಕ್ಕಳಿಗೆ ಓದಲು ಏನಿದೆ ಎಂದು ಕೇಳುತ್ತೀರಿ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲಸಾಹಿತ್ಯ ಪುರಸ್ಕಾರ ಆರಂಭಿಸಿದಾಗ ಕನ್ನಡದ ಮೊದಲ ಪುರಸ್ಕಾರ ಬೊಳುವಾರು ಮಹಮದ್ ಕುಂಞಿ ಅವರಿಗೆ ಸಂದಿತು, ಗಾಂಧೀಜಿಯ ಬಗ್ಗೆ ಮಕ್ಕಳಿಗಾಗಿ ಬರೆದ ಪುಸ್ತಕಕ್ಕೆ. ಆಮೇಲೆ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ (2021), ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ (2022), ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ (2023) ಎಂಬ ಮಕ್ಕಳ ಕಾದಂಬರಿಗಳಿಗೆ ಸಾಲಾಗಿ ಈ ಗೌರವ ದೊರೆಯಿತು. ಇವು ಕಾಲಪ್ರಯಾಣದ ಕಥೆಗಳಲ್ಲ. ಆದರೆ ನಮ್ಮ ಮಕ್ಕಳಿಗಾಗಿ ಕನ್ನಡದಲ್ಲಿ ದುಡಿಯುವ ಲೇಖಕರಿದ್ದಾರೆ ಎಂಬುದಕ್ಕೆ ಇಷ್ಟು ಸಾಕು. 2020ರಲ್ಲಿ ಸರ್ಕಾರ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭಿಸಿ ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ನಿಮ್ಮ ಊರಿನ ಗ್ರಂಥಾಲಯದಲ್ಲಿ ಮಗುವಿನ ಹೆಸರು ಬರೆಸಿದ್ದೀರಾ?

ಈ ತಿಂಗಳು ಒಂದು ಕೆಲಸ ಮಾಡಿ. ಇಶಾ ನಮಾಝಿನ ಬಳಿಕ ಹದಿನೈದು ನಿಮಿಷ ಮೊಬೈಲನ್ನು ಪಕ್ಕಕ್ಕಿಟ್ಟು ಮಗುವಿನ ಜೊತೆ ಒಂದೇ ಪುಸ್ತಕಕ್ಕೆ ತಲೆ ಬಾಗಿಸಿ. ಎಲ್ಲಿ ಸಂಶಯ ಬರುತ್ತದೋ ಅಲ್ಲಿ ನಿಲ್ಲಿಸಿ ಮಾತಾಡಿ. ಮುಂದೇನಾಯಿತು ಎಂದು ಮಗು ಕೇಳಿದರೆ, ಪುಟವನ್ನು ಅದರ ಕೈಯಿಂದಲೇ ತಿರುಗಿಸಲು ಬಿಡಿ.