ಬರೆದುಕೊಡೋರು ಬೇರೆ, ಬರೆಯೋಕೆ ಕಲಿಸೋರು ಬೇರೆ ಸ್ವಾಮಿ!

ಬಹಳ ದಿನ ಆಯ್ತು ಈ ಕಡೆ ತಲೆ ಹಾಕಿ. ಇವತ್ತು ಬರೆಯಲೇಬೇಕು ಅನ್ನಿಸಿದ್ದಕ್ಕೆ ಕಾರಣ ಒಂದು ಮದುವೆ ಊಟ.

ರಾಜಾಜಿನಗರದ ಒಂದು ಛತ್ರ. ಪಕ್ಕದ ಎಲೆಗೆ ಕೂತವರು ಬಸವೇಶ್ವರನಗರದ ಒಬ್ಬ ನಿವೃತ್ತ ಲೆಕ್ಚರರು. ಕೋಸಂಬರಿ ಬರುವಷ್ಟರಲ್ಲಿ ಊರು, ಕೇರಿ ಎಲ್ಲ ವಿಚಾರಿಸಿ ಮುಗಿದಿತ್ತು. "ಈಗೇನ್ ಮಾಡ್ಕೊಂಡಿದೀರಿ?" ಅಂದರು. "ಸಂಜೆ ಹೊತ್ತು ಎಂ.ಎ., ಪಿಎಚ್‌ಡಿ ಮಾಡೋ ಹುಡುಗರಿಗೆ ಬರವಣಿಗೆ ಹೇಳಿಕೊಡ್ತೀನಿ ಸಾರ್" ಅಂದೆ. "ಓಹೋ, ಥೀಸಿಸ್ ಬರ್ಕೊಡ್ತೀರಾ! ಪುಟಕ್ಕೆಷ್ಟು?" ಅಂತ ಎದುರು ಸಾಲಿನವರಿಗೂ ಕೇಳುವ ಹಾಗೆ ಕೇಳಿದರು. ಸಾರು ಬಡಿಸುತ್ತಿದ್ದ ಹುಡುಗ ಕೂಡ ನಕ್ಕ. ನಾನೂ ನಕ್ಕೆ. ಹೋಳಿಗೆ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಅಲ್ಲಿ ಹೇಳದೆ ಉಳಿದ ಉತ್ತರ ಇಲ್ಲಿದೆ.

ಅವರು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಮ್ಮ ಕಡೆ ಅಂಥ ವ್ಯಾಪಾರ ಇದ್ದೇ ಇದೆ. ಪ್ರಾಜೆಕ್ಟು, ಥೀಸಿಸ್ಸು, ಟೈಪಿಂಗು, ಬೈಂಡಿಂಗು ಎಲ್ಲ ಒಂದೇ ಸೂರಿನಡಿ. ವಿಷಯ ಹೇಳಿ, ಅಡ್ವಾನ್ಸ್ ಕೊಡಿ, ಹದಿನೈದು ದಿನ ಬಿಟ್ಟು ಬಂದರೆ ರಟ್ಟಿನ ಮೇಲೆ ಬಂಗಾರದ ಅಕ್ಷರದಲ್ಲಿ ನಿಮ್ಮ ಹೆಸರು. ಒಳಗಿರುವುದರಲ್ಲಿ ನಿಮ್ಮದು ಅಂತ ಇರುವುದು ಕೃತಜ್ಞತೆಯ ಪುಟ ಒಂದೇ. ಎಷ್ಟೋ ಸಲ ಅದೂ ಅಲ್ಲ :)

ನಾನು ಮಾಡುವುದು ಅದಲ್ಲ. ವಿಜಯನಗರದ ನಮ್ಮ ಮನೆಯ ಊಟದ ಮೇಜೇ ನನ್ನ ಕ್ಲಾಸು. ಜ್ಞಾನಭಾರತಿಯಿಂದ, ಕೆಂಗೇರಿ ಕಡೆಯ ಕಾಲೇಜುಗಳಿಂದ ಮೆಟ್ರೋ ಹತ್ತಿ ಬರುತ್ತಾರೆ. ಹೆಚ್ಚಿನವರು ಮಾಗಡಿ, ಕುಣಿಗಲ್, ರಾಮನಗರದ ಕಡೆಯವರು. ಮನೆಯಲ್ಲಿ ಡಿಗ್ರಿ ದಾಟಿದ ಮೊದಲ ತಲೆ. ಬಂದವರು ತಾವು ಬರೆದದ್ದನ್ನು ಗಟ್ಟಿಯಾಗಿ ಓದಬೇಕು, ನಾನು ಕೇಳಿಸಿಕೊಳ್ಳುತ್ತೇನೆ. ನನ್ನ ಕೈಯಲ್ಲಿ ಪೆನ್ನು ಇರುವುದಿಲ್ಲ, ಅದೊಂದು ನಿಯಮ. ನಡುನಡುವೆ ಕೇಳುವುದು ಎರಡೇ ಪ್ರಶ್ನೆ. "ಇದನ್ನ ಹೇಳ್ತಿರೋದು ಯಾರು, ನೀನಾ ಪುಸ್ತಕನಾ?" "ಹೌದು ಅಂತ ನಿಂಗೆ ಹೇಗೆ ಗೊತ್ತು?"

ಕಳೆದ ವರ್ಷ ಒಬ್ಬ ಹುಡುಗಿ ಬಂದಿದ್ದಳು. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರ ಬಗ್ಗೆ ಎಂ.ಎ. ಪ್ರಬಂಧ. ಮೊದಲ ಸಾಲು "ಜವಳಿ ಉದ್ಯಮವು ಭಾರತದ ಅತ್ಯಂತ ಪುರಾತನ ಉದ್ಯಮವಾಗಿದೆ". ಹನ್ನೊಂದು ಪುಟ ಹಾಗೇ ಸಾಗಿತ್ತು, ಒಬ್ಬ ಹೆಂಗಸೂ ಕಾಣಿಸಲಿಲ್ಲ. "ನೀನು ಅವರನ್ನ ಮಾತಾಡಿಸಿದೆ ತಾನೇ, ಏನಂದ್ರು?" ಅಂದೆ. ಗಳಗಳ ಅಂತ ಹೇಳಿದಳು. ನಾಲ್ಕೂವರೆಗೆ ಎದ್ದು ಅಡುಗೆ ಮುಗಿಸಿ ವ್ಯಾನ್ ಹಿಡಿಯುವುದು, ವ್ಯಾನ್ ತಪ್ಪಿದರೆ ಆ ದಿನದ ಸಂಬಳ ತಪ್ಪಿದಂತೆ ಅನ್ನುವುದು, ಅದಕ್ಕೇ ಮಗುವಿಗೆ ಜ್ವರ ಬಂದರೆ ಅತ್ತೆಗೆ ಹೇಳುವ ಮೊದಲು ವ್ಯಾನ್ ಡ್ರೈವರಿಗೆ ಫೋನ್ ಮಾಡುವುದು. ನಾನು ಕೇಳಿದೆ, "ಇದನ್ನ ಯಾಕೆ ಬರೀಲಿಲ್ಲ?"

"ಅದು ನಾನು ನೋಡಿದ್ದು ಸಾರ್. ಯಾವ ಪುಸ್ತಕದಲ್ಲೂ ಇಲ್ಲವಲ್ಲ."

ಹದಿನೇಳು ವರ್ಷ ಓದಿಸಿ ನಾವು ಆ ಹುಡುಗಿಗೆ ಕಲಿಸಿದ್ದು ಇದನ್ನ! ನೋಟ್ಸ್ ಬರೆಸಿದೆವು. ಗೈಡಿನಲ್ಲಿದ್ದದ್ದನ್ನು ಇದ್ದ ಹಾಗೇ ಇಳಿಸಿದವರಿಗೆ ಫಸ್ಟ್ ಕ್ಲಾಸ್ ಕೊಟ್ಟೆವು. ಸ್ವಂತ ಮಾತು ಬರೆದವರಿಗೆ "ಪಾಯಿಂಟ್ಸ್ ಇಲ್ಲ" ಅಂತ ಮಾರ್ಕ್ಸ್ ಕಿತ್ತೆವು. ಕೊನೆಯ ಸೆಮಿಸ್ಟರಿನಲ್ಲಿ ಇದ್ದಕ್ಕಿದ್ದಂತೆ "ಅರವತ್ತು ಪುಟ ಸ್ವಂತ ಸಂಶೋಧನೆ ಬರೆದು ತಾ, ಕದ್ದರೆ ನೋಡು!" ಅಂತ ಬೆತ್ತ ಹಿಡಿದು ನಿಂತೆವು. ಈಜು ಕಲಿಸದೆ ಬಾವಿಗೆ ತಳ್ಳಿ, ಹಗ್ಗ ಮಾರುವವನನ್ನು ಬೈದರೆ ಏನು ಬಂತು?

ಬೆತ್ತದ ವಿಷಯಕ್ಕೇ ಬರೋಣ. ಯುಜಿಸಿ 2018ರಲ್ಲಿ ಕೃತಿಚೌರ್ಯ ತಡೆಯಲು ನಿಯಮಾವಳಿ ತಂದಿತು. ಹೋಲಿಕೆ 10 ಪರ್ಸೆಂಟ್‌ವರೆಗೆ ಇದ್ದರೆ ಶಿಕ್ಷೆ ಇಲ್ಲ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಮತ್ತೆ ಕೊಡಬೇಕು. 40ರಿಂದ 60 ಇದ್ದರೆ ಒಂದು ವರ್ಷ ಕೊಡುವ ಹಾಗೇ ಇಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಆಕಸ್ಮಿಕವಾಗಿ ಒಂದೇ ಆಗುವ ಸಾಲಿಗೆ ಸತತ 14 ಪದಗಳವರೆಗೆ ರಿಯಾಯಿತಿ. ಎಷ್ಟು ಅಚ್ಚುಕಟ್ಟು ನೋಡಿ! 2019ರಲ್ಲಿ ಪಿಎಚ್‌ಡಿಯವರಿಗೆ ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆ ಅಂತ 2 ಕ್ರೆಡಿಟ್, 30 ಗಂಟೆಯ ಕಡ್ಡಾಯ ಕೋರ್ಸೂ ಬಂತು. ಒಳ್ಳೆಯದೇ. ಕದಿಯುವುದು ತಪ್ಪು ಅಂತ ಹೇಳಲು ಮೂವತ್ತು ಗಂಟೆ ಸಿಕ್ಕಿತು. ನಾಲ್ಕು ಪುಸ್ತಕ ಓದಿ ಅದರ ಸಾರವನ್ನು ಸ್ವಂತ ಮಾತಿನಲ್ಲಿ ಒಂದು ಪ್ಯಾರಾ ಬರೆಯುವುದು ಹೇಗೆ ಅಂತ ಪಕ್ಕದಲ್ಲಿ ಕೂತು ತೋರಿಸಲು ಎಷ್ಟು ಗಂಟೆ ಕೊಟ್ಟಿದ್ದೇವೆ?

ಪರ್ಸೆಂಟು ಬಂದಿದ್ದೇ ತಡ, ಬರೆದುಕೊಡುವ ಅಂಗಡಿಗೆ ಹೊಸ ಸರಕು ಸಿಕ್ಕಿತು. "ಹೋಲಿಕೆ ಹತ್ತರ ಕೆಳಗೆ, ಗ್ಯಾರಂಟಿ!" ಒಂದು ಪದ ತೆಗೆದು ಇನ್ನೊಂದು ಪದ ತುರುಕಿದರೆ ಆಯ್ತು, ಯಂತ್ರ ಸುಮ್ಮನಾಗುತ್ತದೆ. ಸಾಲಿಗೆ ಅರ್ಥ ಉಳಿದಿದೆಯೋ ಇಲ್ಲವೋ ಅನ್ನುವುದನ್ನು ಯಂತ್ರ ಕೇಳುವುದಿಲ್ಲ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲಂತೂ ಅಂಗಡಿಯ ಮೆಟ್ಟಿಲು ಹತ್ತುವ ಕಷ್ಟವೂ ಇಲ್ಲ.

ಇಷ್ಟೆಲ್ಲ ಬೈಯುವ ನಾನೇನು ಸಾಚಾ ಅಲ್ಲ. ಅದನ್ನೂ ಹೇಳಿಬಿಡುತ್ತೇನೆ. ಹತ್ತು ವರ್ಷಕ್ಕೂ ಹಿಂದೆ ಒಬ್ಬ ಹುಡುಗನಿಗೆ ಒಂದು ಅಧ್ಯಾಯ ನಾನೇ ಬರೆದುಕೊಟ್ಟೆ. ಅವನ ಅಪ್ಪ ಆಸ್ಪತ್ರೆಯಲ್ಲಿದ್ದರು, ಸಲ್ಲಿಸಲು ಐದು ದಿನ ಉಳಿದಿತ್ತು. ಅವನು ಕೊಟ್ಟ ಮೂರು ಸಾವಿರ ರೂಪಾಯಿಯನ್ನು ಬೇಡ ಅನ್ನದೆ ತೆಗೆದುಕೊಂಡೆ. ವೈವಾದಲ್ಲಿ ನಾನು ಬಳಸಿದ್ದ ಒಂದು ಪದಕ್ಕೆ ಅರ್ಥ ಕೇಳಿದರಂತೆ. ತಲೆ ತಗ್ಗಿಸಿ ಕೂತಿದ್ದನಂತೆ. ಆದರೂ ಪಾಸಾದ. ಮೈಸೂರು ಪಾಕಿನ ಡಬ್ಬ ಹಿಡಿದು ಮನೆಗೆ ಬಂದ. ಕಥೆ ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಹೋದ ವರ್ಷ ಫೋನ್ ಮಾಡಿದ್ದ. ಈಗ ಅವನು ಅತಿಥಿ ಉಪನ್ಯಾಸಕ. "ಸಾರ್, ನಮ್ಮ ಸ್ಟೂಡೆಂಟ್ಸ್‌ಗೆ ಪ್ರಾಜೆಕ್ಟ್ ಬರ್ಕೊಡೋರು ಯಾರಾದ್ರೂ ಗೊತ್ತಾ?"

ಆ ರಾತ್ರಿ ನಿದ್ದೆ ಬರಲಿಲ್ಲ. ಅವನ ಕೈಯಿಂದ ನಾನು ಪೆನ್ನು ಕಿತ್ತುಕೊಂಡಿದ್ದೆ. ಈಗ ಅವನು ಒಂದು ಇಡೀ ಕ್ಲಾಸಿನ ಕೈಯಿಂದ ಕಿತ್ತುಕೊಳ್ಳುತ್ತಿದ್ದಾನೆ. ಪೆನ್ನು ಹಿಡಿಯಬಾರದು ಅನ್ನುವ ನನ್ನ ನಿಯಮ ಇಷ್ಟು ಗಟ್ಟಿಯಾಗಿದ್ದು ಆ ಫೋನಿನ ಮೇಲೆಯೇ.

ಕೆಲವರು ಹೇಳುತ್ತಾರೆ, "ಬರೆಯೋಕೆ ಬರದವರು ಪಿಎಚ್‌ಡಿ ಯಾಕ್ ಮಾಡ್ಬೇಕು?" ಅಂತ. ಈ ಮಾತಿಗೆ ನನಗೆ ಮೈ ಉರಿಯುತ್ತದೆ. ನಮ್ಮ ವಿಜಯನಗರದವರೇ ಆಗಿದ್ದ ಚಿದಾನಂದಮೂರ್ತಿಯವರು ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನದಂಥ ಮಹಾಪ್ರಬಂಧ ಬರೆದರು. ಅವರಿಗೆ ಮಾರ್ಗದರ್ಶನ ಮಾಡಿದವರು ತೀ.ನಂ.ಶ್ರೀಕಂಠಯ್ಯನವರು. ಅಂಥವರಿಗೇ ಒಬ್ಬ ಗುರು ಬೇಕಿತ್ತು ಅಂದಮೇಲೆ ಕುಣಿಗಲ್ಲಿನ ಹುಡುಗಿಗೆ ಬೇಡವೇ? ಬರವಣಿಗೆ ಹುಟ್ಟಿನಿಂದ ಬರುವುದಲ್ಲ. ನಾಲ್ಕು ಜನರೆದುರು ಓದಿ, ತಪ್ಪು ಹೇಳಿಸಿಕೊಂಡು, ಮತ್ತೆ ಬರೆದು ಬರುವುದು.

"ದುಡ್ಡಿದ್ದವರಿಗೆ ಟ್ಯೂಷನ್ನು, ಇಲ್ಲದವರ ಗತಿ?" ಅಂತ ಇನ್ನು ಕೆಲವರು. ಇದು ಸರಿಯಾದ ಪ್ರಶ್ನೆ, ನನಗೇ ಚುಚ್ಚುವ ಪ್ರಶ್ನೆ. ನನ್ನ ಉತ್ತರ ಇಷ್ಟೇ: ಈ ಕೆಲಸ ನಮ್ಮ ಮನೆಯ ಮೇಜಿನ ಮೇಲೆ ನಡೆಯಬಾರದು, ವಿಶ್ವವಿದ್ಯಾಲಯದೊಳಗೇ ನಡೆಯಬೇಕು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ 1976ರಲ್ಲೇ ಬರವಣಿಗೆಗೆ ಅಂತ ಒಂದು ಪ್ರಯೋಗಾಲಯ ತೆರೆಯಿತು. 1994ರಿಂದ ಅದರ ಪಾಠಗಳು ಇಂಟರ್ನೆಟ್ಟಿನಲ್ಲೂ ಬಿಟ್ಟಿ ಸಿಗುತ್ತಿವೆ. ಕೆಮಿಸ್ಟ್ರಿಗೆ ಲ್ಯಾಬ್ ಇಲ್ಲ ಅಂದರೆ ನಾವೇ ಗಲಾಟೆ ಮಾಡುತ್ತೇವೆ. ಬರವಣಿಗೆಗೆ ಯಾಕೆ ಬೇಡ? ಕೋಟಿಗಟ್ಟಲೆ ಬೇಕಿಲ್ಲ. ಪ್ರತಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೂ ಒಂದು ಕೋಣೆ, ಎರಡು ಮೇಜು, ಗಂಟೆಗಿಷ್ಟು ಅಂತ ಗೌರವಧನ ಕೊಟ್ಟು ಕೂರಿಸಿದ ಹಿರಿಯ ಸಂಶೋಧನಾ ವಿದ್ಯಾರ್ಥಿಗಳು. ಕನ್ನಡದಲ್ಲಿ ಬರೆಯುವವರಿಗೆ ಕನ್ನಡದಲ್ಲೇ. ಇನ್ನು ಗೈಡುಗಳ ಮಾತು. ಪ್ರೊಫೆಸರ್ ಒಬ್ಬರು ಒಮ್ಮೆಗೆ 8 ಪಿಎಚ್‌ಡಿ ವಿದ್ಯಾರ್ಥಿಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ ಅನ್ನುತ್ತದೆ ಯುಜಿಸಿ ನಿಯಮ. ತಿಂಗಳಿಗೆ ಎಂಟು ಜನ ಬರೆದದ್ದನ್ನು ಕೂತು ಓದುವುದು ಅಸಾಧ್ಯದ ಕೆಲಸವೇ? ಓದುವ ಗೈಡುಗಳೂ ಇದ್ದಾರೆ, ಅವರಿಗೆ ಕೈ ಮುಗಿಯುತ್ತೇನೆ. ಅಂಥವರ ವಿದ್ಯಾರ್ಥಿಗಳು ನಮ್ಮ ಮನೆ ಹುಡುಕಿಕೊಂಡು ಬರುವುದಿಲ್ಲ.

ಅಲ್ಲಿವರೆಗೆ? ಬ್ಲಾಗ್ ಗೆಳೆಯರೇ, ನೀವೂ ನಾನೂ ಬರೆಯೋದು ಕಲಿತದ್ದು ಹೇಗೆ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಯಾರೋ ಓದಿ "ಇದು ಅರ್ಥ ಆಗಲಿಲ್ಲ ಮಾರಾಯ್ರೇ" ಅಂದದ್ದರಿಂದ ತಾನೇ? ನಿಮ್ಮ ಬೀದಿಯಲ್ಲೂ ಒಂದು ಪೀಜಿ ಇರುತ್ತದೆ, ಅದರಲ್ಲಿ ಪ್ರಾಜೆಕ್ಟಿನ ಚಿಂತೆಯಲ್ಲಿರುವ ಒಂದು ಹುಡುಗಿಯೋ ಹುಡುಗನೋ ಇರುತ್ತಾರೆ. ಭಾನುವಾರ ಒಂದು ಗಂಟೆ ಕೂತು ಕೇಳಿಸಿಕೊಳ್ಳಿ. ಪೆನ್ನು ಮಾತ್ರ ಅವರ ಕೈಯಲ್ಲೇ ಇರಲಿ.

ಆ ಗಾರ್ಮೆಂಟ್ಸ್ ಹುಡುಗಿ ಆರು ಸಲ ತಿದ್ದಿ ಬರೆದಳು. ಜವಳಿ ಉದ್ಯಮದ ಇತಿಹಾಸ ಮೂರನೇ ಪುಟಕ್ಕೆ ಹೋಯಿತು. ಮೊದಲ ಪುಟಕ್ಕೆ ನಾಲ್ಕೂವರೆಯ ವ್ಯಾನು ಬಂತು. ಅದರಲ್ಲಿ ನನ್ನದು ಒಂದು ಅಕ್ಷರವೂ ಇಲ್ಲ.

ಪುಟಕ್ಕೆಷ್ಟು ಅಂತ ಕೇಳಿದಿರಲ್ಲ ಲೆಕ್ಚರರ್ ಸಾಹೇಬರೇ, ಅದಕ್ಕೆ ಎಷ್ಟು ಅಂತ ನೀವೇ ಹೇಳಿ.

ನೀವೇನಂತೀರಿ?